ಕಾಕರ್ ಸ್ಪ್ಯಾನಿಯಲ್ ಮಾತು ಕೇಳದಿದ್ದಾಗ: ಮಲೆನಾಡಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

"ನಮ್ಮ ನಾಯಿ ಮಾತೇ ಕೇಳುತ್ತಿಲ್ಲ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಿವಿ ಎತ್ತಿ ಮೂಸಿ ನೋಡಿದಿರಾ?" ಬುದ್ಧಿ ಕಲಿಸುವ ದಾರಿ ಕೇಳಿದರೆ ಇವರು ಕಿವಿಯ ಸುದ್ದಿ ತೆಗೆಯುತ್ತಾರಲ್ಲ ಎಂದು ಆ ಕಡೆಯವರು ಸುಮ್ಮನಾಗುತ್ತಾರೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಕಾಕರ್ ಇದೆ. ನೆಂಟರಿಷ್ಟರ, ನೆರೆಹೊರೆಯವರ ಮನೆಗಳಲ್ಲಿ ಇದೇ ತಳಿಯ ಮರಿಗಳು ಬೆಳೆಯುವುದನ್ನು ಹತ್ತಿರದಿಂದ ನೋಡಿದ್ದೇನೆ. ನನಗೆ ಖಚಿತವಾಗಿರುವುದು ಇಷ್ಟು: ಕಾಕರ್ ಮಾತು ಕೇಳದಿರುವುದು ಒಂದು ದೋಷವಲ್ಲ. ನಾಲ್ಕೈದು ಬೇರೆ ಬೇರೆ ದೋಷಗಳು ಒಂದೇ ಕಂಬಳಿ ಹೊದ್ದುಕೊಂಡು ಮಲಗಿರುತ್ತವೆ. ಕಂಬಳಿಯ ಮೇಲೆ ಬಡಿದರೆ ಒಳಗೆ ಯಾರಿದ್ದಾರೆಂದು ತಿಳಿಯುವುದಿಲ್ಲ. ಕಂಬಳಿ ಸರಿಸಿ ನೋಡಬೇಕು, ಅದನ್ನೂ ಒಂದು ಕ್ರಮದಲ್ಲಿ ಮಾಡಬೇಕು.

ಈ ನಾಯಿ ಯಾವ ಕೆಲಸಕ್ಕಾಗಿ ಬೆಳೆದು ಬಂದದ್ದು ಎಂಬುದು ತಪಾಸಣೆಯ ಉದ್ದಕ್ಕೂ ತಲೆಯಲ್ಲಿರಬೇಕು. ಕಾಕರ್ ಎಂಬ ಹೆಸರು ಬಂದದ್ದು ವುಡ್‌ಕಾಕ್ ಹಕ್ಕಿಯಿಂದ. ಅದು ಒದ್ದೆ ನೆಲದ ದಟ್ಟ ಪೊದೆಗಳಲ್ಲಿ, ದರಗಿನ ಬಣ್ಣದಲ್ಲೇ ಬೆರೆತು ಅಡಗಿ ಕೂರುತ್ತದೆ. ದೊಡ್ಡ ನಾಯಿ ನುಗ್ಗಲಾರದ ಮುಳ್ಳುಪೊದೆಗೆ ನುಗ್ಗಿ ಅದನ್ನು ಎಬ್ಬಿಸಲು ಸಣ್ಣ ನಾಯಿ ಬೇಕಿತ್ತು. ಬ್ರಿಟನ್ನಿನಲ್ಲಿ ಹಿಂದೆ ಒಂದೇ ಸೂಲಿನ ಮರಿಗಳಲ್ಲಿ 25 ಪೌಂಡಿಗಿಂತ ಹಗುರವಾದದ್ದು ಕಾಕರ್, ಭಾರವಾದದ್ದು ಬೇರೆ ಸ್ಪ್ಯಾನಿಯಲ್ ಎಂದು ತೂಕದ ಮೇಲೆ ಹೆಸರಿಡುತ್ತಿದ್ದರು. 1890ರ ದಶಕದ ಆರಂಭದಲ್ಲಷ್ಟೇ ನಾಯಿ ತಳಿಗಳನ್ನು ದಾಖಲಿಸುವ ಅಲ್ಲಿನ ಸಂಸ್ಥೆ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಇವತ್ತಿನ ಇಂಗ್ಲಿಷ್ ಕಾಕರ್ 40 ಸೆಂಟಿಮೀಟರ್ ಆಸುಪಾಸು ಎತ್ತರ, 12ರಿಂದ 15 ಕೆ.ಜಿ. ತೂಕ ಇರುತ್ತದೆ. ಅಮೆರಿಕದಲ್ಲಿ ಇನ್ನೂ ಚಿಕ್ಕದಾಗಿ, ಗುಂಡು ತಲೆಯಾಗಿ ಬೆಳೆದದ್ದು ಈಗ ಬೇರೆಯೇ ತಳಿ. ನಮ್ಮಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ.

ಬೇಟೆಗಾರನ ಮುಂದೆ ಎಡಕ್ಕೂ ಬಲಕ್ಕೂ ಹಾವಿನಂತೆ ಹರಿಯುತ್ತಾ, ಕೋವಿಯ ಗುರಿಯಳತೆ ದಾಟದೆ ವಾಸನೆ ಹುಡುಕಬೇಕು. ಹಕ್ಕಿ ಎದ್ದ ಕೂಡಲೇ ನಿಂತು ಯಜಮಾನನ ಮುಖ ನೋಡಬೇಕು. ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತಂದು ಕೈಗೆ ಕೊಡಬೇಕು. ಇದು ಕಾಕರ್‌ನ ಕಸುಬು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬಿಗೆ ಜಾಗವಿಲ್ಲ, ಇರಲೂ ಬಾರದು. ಆದರೆ ಕಸುಬು ಹೋದರೂ ಮೂಗು ಹೋಗಿಲ್ಲ, ಬಾಯಿ ಹೋಗಿಲ್ಲ, ಮುಖ ನೋಡುವ ಮನಸ್ಸೂ ಹೋಗಿಲ್ಲ. ಮೂಗು ಅದನ್ನು ಪೊದೆಯ ಕಡೆಗೆ ಎಳೆಯುತ್ತದೆ, ಮನಸ್ಸು ನಮ್ಮ ಕಡೆಗೆ ಎಳೆಯುತ್ತದೆ. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ಎರಡು ಎಳೆತಗಳ ನಡುವೆ ಹುಟ್ಟುತ್ತವೆ.

ಮೊದಲ ತಪಾಸಣೆ: ಮೈ

ನಮ್ಮ ಕಾಕರ್ ಕೆಂಚನಿಗೆ ಮೂರು ವರ್ಷವಾಗಿದ್ದಾಗ ಆಷಾಢದ ಮಳೆಯಲ್ಲಿ ಒಂದು ದಿನ, ಬೆಲ್ಟ್ ಹಾಕಲು ಕೈ ಚಾಚಿದ ಭಾವನಿಗೆ ಗುರ್ ಎಂದ. ಅಲ್ಲಿಯವರೆಗೆ ಯಾರಿಗೂ ಹಲ್ಲು ತೋರಿಸಿದವನಲ್ಲ. "ನೀವೆಲ್ಲ ಇದನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದೀರಿ. ಎರಡು ಬಿಗಿದರೆ ಸರಿಹೋಗುತ್ತದೆ" ಎಂದರು ಭಾವ. ಪೇಪರ್ ಸುರುಳಿ ಸುತ್ತಿ ಎರಡು ಬಿಗಿದದ್ದೂ ಆಯಿತು. ಮಾರನೆಯ ದಿನ ಕೆಂಚ ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ಅದರ ಮಾರನೆಯ ದಿನ ನನ್ನ ಕೈಗೂ ಗುರ್ ಎಂದ. ಪಶುವೈದ್ಯರ ಬಳಿಗೆ ಹೊತ್ತುಕೊಂಡು ಹೋದೆ. ಅವರು ಬಲಗಿವಿಯ ಹಾಳೆ ಎತ್ತಿದರು. ಒಳಗೆಲ್ಲ ಕಾಫಿ ಗಸಿಯಂಥ ಕಂದು ಕೊಳೆ, ಅಂಚು ಕೆಂಪಾಗಿ ಊದಿಕೊಂಡಿತ್ತು. ಬೆಲ್ಟಿನ ಬಕಲ್ ದಿನವೂ ತಾಗುತ್ತಿದ್ದದ್ದು ಆ ಕಿವಿಗೇ. ಔಷಧಿ ಹಾಕಿದ ಮೇಲೆ ಮೂರು ವಾರದಲ್ಲಿ ಕಿವಿ ವಾಸಿಯಾಯಿತು. ಚಾಚಿದ ಕೈ ಎಂದರೆ ಹೊಡೆತ ಎಂದು ಅವನು ಕಲಿತದ್ದು ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಕಿವುಚುತ್ತದೆ. ಈ ಬರಹ ಹುಟ್ಟಿದ್ದು ಅದರಿಂದಲೇ.

ಕಾಕರ್‌ನ ಕಿವಿ ಜೋಲುತ್ತದೆ, ಒಳಗೂ ಹೊರಗೂ ಕೂದಲು, ಗಾಳಿಯಾಡುವುದಿಲ್ಲ. ನಾಯಿಯ ಕಿವಿನಾಳ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ಸೇರಿದ ನೀರು ತಾನಾಗಿ ಹೊರಬರುವುದಿಲ್ಲ. ಇಂಥ ಕಿವಿಯನ್ನು ಮಲೆನಾಡಿನ ಮಳೆಗಾಲಕ್ಕೆ ತಂದಿಟ್ಟರೆ, ಗೋಡೆಯ ಮೇಲೆ ಬೂಷ್ಟು ಬರುವ ದಿನಗಳಲ್ಲಿ ಕಿವಿಯೊಳಗೂ ಬೂಷ್ಟು ಬರುತ್ತದೆ. ನೋಡುವ ವಿಧಾನ ಸರಳವಾಗಿದೆ. ನಾಯಿ ಆರಾಮವಾಗಿ ಮಲಗಿದ್ದಾಗ ಪಕ್ಕದಲ್ಲಿ ಕುಳಿತು ಕಿವಿಯ ಹಾಳೆಯನ್ನು ಹಿಂದಕ್ಕೆ ಮಡಚಿ. ಆರೋಗ್ಯದ ಕಿವಿ ತೆಳು ಗುಲಾಬಿ ಬಣ್ಣದ್ದು, ವಾಸನೆ ಇರುವುದಿಲ್ಲ. ಹುಳಿ ಉಕ್ಕಿದ ದೋಸೆ ಹಿಟ್ಟಿನ ವಾಸನೆ ಬಂದರೆ ಯೀಸ್ಟ್ ಸೋಂಕಿನ ಸಂಶಯ ಪಡಿ. ಕೊಳೆತ ವಾಸನೆ, ಹಳದಿ ಕೀವು ಕಂಡರೆ ಅದೇ ದಿನ ವೈದ್ಯರನ್ನು ಕಾಣಿ. ತಲೆ ಕೊಡವುವುದು, ಒಂದೇ ಕಡೆಗೆ ವಾಲಿಸುವುದು, ಜಗುಲಿಯ ಅಂಚಿಗೆ ಕಿವಿ ಉಜ್ಜುವುದು ಇವೂ ಅದನ್ನೇ ಹೇಳುತ್ತವೆ. ಹತ್ತಿ ಕಡ್ಡಿ ತುರುಕಬೇಡಿ, ಕೊಬ್ಬರಿ ಎಣ್ಣೆ ಸುರಿಯಬೇಡಿ. ಉತ್ತರಾಣಿಯ ಮುಳ್ಳು ಒಳಗೆ ಇಳಿದಿದ್ದರೆ ಕಡ್ಡಿ ಅದನ್ನು ಇನ್ನಷ್ಟು ಆಳಕ್ಕೆ ದೂಡುತ್ತದೆ. ವಾಸಿಯಾದ ಮೇಲೆ ಊಟದ ತಟ್ಟೆ ಕಿರಿದಾಗಿ ಆಳವಾಗಿರಲಿ, ಕಿವಿ ಹೊರಗೆ ಉಳಿಯುತ್ತದೆ. ಕಿವಿಯ ಕೆಳಗಿನ ಕೂದಲನ್ನು ಮಳೆಗಾಲಕ್ಕೆ ಮುಂಚೆ ಕತ್ತರಿಸಿಬಿಡಿ.

ಕಿವಿ ಸರಿಯಿದ್ದರೆ ಉಣುಗು ನೋಡಿ. ಬೆರಳ ಸಂದು, ಕಂಕುಳು, ಕಿವಿಯ ಬುಡ, ಬಾಲದ ಕೆಳಗೆ ಕೈಯಾಡಿಸಿ. ನಿನ್ನೆಯವರೆಗೆ ಚೆಂಡಿಗೆ ಜಿಗಿಯುತ್ತಿದ್ದ ನಾಯಿ ಇವತ್ತು ಕರೆದರೆ ತಲೆ ಮಾತ್ರ ಎತ್ತುತ್ತದೆ, ಊಟ ಅರ್ಧಕ್ಕೆ ಬಿಡುತ್ತದೆ, ವಸಡು ಬಿಳಿಚಿದೆ ಎಂದರೆ ಅದು ಸೋಮಾರಿತನವಲ್ಲ. ಉಣುಗಿನಿಂದ ಬರುವ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಬೇಕು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ. ಉಣುಗಿನ ವಿಷಯ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರಿನಲ್ಲೇ ಮಂಗನ ಕಾಯಿಲೆ ಗುರುತಾಯಿತು. ಬೇಸಿಗೆಯಲ್ಲಿ ಕಾಡಂಚಿಗೆ ಹೋಗಿಬಂದ ನಾಯಿಯನ್ನು ಮನೆಯೊಳಗೆ ಬಿಡುವ ಮೊದಲು ಅಂಗಳದಲ್ಲೇ ಬಾಚಿ ನೋಡುವುದು ನಾಯಿಗೂ ಕ್ಷೇಮ, ನಮಗೂ ಕ್ಷೇಮ.

ಕೊಯ್ಲಿನ ದಿನಗಳಲ್ಲಿ ಇನ್ನೊಂದು ಕಾರಣವಿದೆ. ಬಾಯಿಗೆ ಏನಾದರೂ ಬೇಕೆನ್ನುವ ಕಾಕರ್ ಮರಿ ಅಡಿಕೆ ಸುಲಿಯುವ ಕಡೆ ಬಿದ್ದ ಹಸಿ ಅಡಿಕೆ ಅಗಿಯುತ್ತದೆ. ಆಮೇಲೆ ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ, ನಡೆಯುವಾಗ ತೂರಾಡುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಷ್ಟು ಪ್ರಬಲವೆಂದರೆ ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳು ಕೆಡವಲು ಅದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಚಪ್ಪರದ ಕೆಳಗೆ ಮರಿಯನ್ನು ಕಟ್ಟಬೇಡಿ.

ಮುಸ್ಸಂಜೆಯ ಹೊತ್ತಿಗೆ ಮಾತ್ರ ಮೆಟ್ಟಿಲ ಬಳಿ ಅನುಮಾನಿಸುವ, ಕತ್ತಲಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುವ ನಾಯಿಯ ಕಣ್ಣು ತೋರಿಸಿ. ಕಣ್ಣಿನ ಹಿಂಪರದೆ ನಿಧಾನವಾಗಿ ಸವೆಯುವ ಒಂದು ಆನುವಂಶಿಕ ಕಾಯಿಲೆ ಈ ತಳಿಯಲ್ಲಿದೆ. ಅದು ಶುರುವಾಗುವುದೇ ಇರುಳುಗುರುಡಿನಿಂದ.

ಕರೆದರೆ ಬರುವುದಿಲ್ಲ

ಹೆಚ್ಚು ಫೋನ್ ಬರುವುದು ಇದಕ್ಕೆ. ಪಕ್ಕದ ಮನೆಯ ಹುಡುಗ ಹೋದ ವರ್ಷ ಓಡಿ ಬಂದು, "ಅಕ್ಕಾ, ಬ್ರೌನಿ ಮನೆಯೊಳಗೆ ಇದ್ದಾಗ ಸೊಲ್ಲೆತ್ತಿದರೆ ಬರುತ್ತದೆ, ಬೇಲಿ ದಾಟಿದರೆ ಕಿವುಡು" ಎಂದ. ಅರ್ಧ ಪರೀಕ್ಷೆಯನ್ನು ಅವನೇ ಮಾಡಿ ಮುಗಿಸಿದ್ದ. ನಾನು ಎಲ್ಲರಿಗೂ ಹೇಳುವುದು ಇದೇ: ಒಂದೇ ದಿನ, ಒಂದೇ ದನಿಯಲ್ಲಿ, ಮೂರು ಕಡೆ ಕರೆದು ನೋಡಿ. ನಡುಮನೆಯಲ್ಲಿ, ಅಂಗಳದಲ್ಲಿ, ಸೊಪ್ಪಿನಬೆಟ್ಟದ ಅಂಚಿನಲ್ಲಿ. ಮೂರೂ ಕಡೆ ಬರದಿದ್ದರೆ ಕಿವಿ ಕೇಳಿಸುತ್ತಿಲ್ಲ ಅಥವಾ ಆ ಶಬ್ದದ ಅರ್ಥವೇ ಅದಕ್ಕೆ ಗೊತ್ತಿಲ್ಲ. ಬೆನ್ನ ಹಿಂದೆ ನಿಂತು ಪಾತ್ರೆ ಬಡಿದರೆ ಇವೆರಡರಲ್ಲಿ ಯಾವುದು ಎಂದು ತಿಳಿಯುತ್ತದೆ. ಒಳಗೆ ಬಂದು ಅಂಗಳದಲ್ಲಿ ಬರದಿದ್ದರೆ ಕಲಿಕೆ ಅರ್ಧಕ್ಕೆ ನಿಂತಿದೆ. ಎರಡೂ ಕಡೆ ಬಂದು ಬೆಟ್ಟದ ಅಂಚಿನಲ್ಲಿ ಮಾತ್ರ ಬರದಿದ್ದರೆ ಮೂಗು ಗೆದ್ದಿದೆ.

ಶಬ್ದದ ಅರ್ಥ ಗೊತ್ತಿಲ್ಲದಿರುವುದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಬ್ರೌನಿಯ ಮನೆಯಲ್ಲಿ ಆರು ಜನ. ಅಜ್ಜಿ "ಬಾರೇ ಇಲ್ಲಿ" ಎನ್ನುತ್ತಾರೆ, ಅಪ್ಪ ಬೆರಳು ಚಿಟಿಕೆ ಹೊಡೆಯುತ್ತಾರೆ, ಮಕ್ಕಳು "ಕಮ್" ಎನ್ನುತ್ತಾರೆ, ಅಮ್ಮ ಹೆಸರು ಮಾತ್ರ ಕೂಗುತ್ತಾರೆ, ಅದೂ ಬೈಯುವಾಗ. ಇನ್ನೊಂದು ತೊಡಕು ನಮ್ಮ ಭಾಷೆಯದೇ. ಬಾ, ಬಿಡು, ಬೇಡ: ದಿನಕ್ಕೆ ನೂರು ಸಲ ಹೇಳುವ ಮೂರು ಮಾತು, ಮೂರೂ ತುಟಿ ಮುಚ್ಚಿ ತೆರೆಯುವ ಒಂದೇ ಅಕ್ಷರದಿಂದ ಶುರು. ದೂರದಲ್ಲಿ ಮಳೆಯ ಸದ್ದಿನ ನಡುವೆ ಇವು ಒಂದರಂತೆ ಇನ್ನೊಂದು ಕೇಳಿಸುತ್ತವೆ. ಕೆಂಚನಿಗೆ ನಾನು 'ಬಿಡು' ಒಂದನ್ನೇ ಉಳಿಸಿಕೊಂಡೆ. ಬೇಡ ಎನ್ನುವ ಜಾಗಕ್ಕೆ "ಊಹುಂ" ಬಂತು, ಬಾ ಎನ್ನುವ ಜಾಗಕ್ಕೆ ಸೀಟಿ ಬಂತು. ಸೀಟಿಗೆ ಕೋಪವಿಲ್ಲ, ನೆಗಡಿಯಿಲ್ಲ, ಯಾರು ಊದಿದರೂ ಒಂದೇ. ಬೇಟೆ ನಾಯಿಗಳನ್ನು ಪಳಗಿಸುವವರ ಕ್ರಮವನ್ನೇ ಹಿಡಿಯಬಹುದು: ಒಂದು ಉದ್ದ ಊದಿದರೆ ನಿಲ್ಲು, ಸಾಲಾಗಿ ಚಿಕ್ಕ ಚಿಕ್ಕದಾಗಿ ಊದಿದರೆ ಬಾ.

ಇನ್ನು ಮೂಗು ಗೆದ್ದ ನಾಯಿಯ ವಿಷಯ. ಇಲ್ಲಿ ನೋಡಬೇಕಾದದ್ದು ಬಾಲವನ್ನು. ಕಾಕರ್ ಸುಮ್ಮನೆ ಅಡ್ಡಾಡುವಾಗ ಬಾಲ ಉದಾರವಾಗಿ, ಅಗಲವಾಗಿ ಬೀಸುತ್ತಿರುತ್ತದೆ. ವಾಸನೆ ಸಿಕ್ಕ ಗಳಿಗೆಯಲ್ಲಿ ಬೀಸು ಕಿರಿದಾಗುತ್ತದೆ, ಲಯ ಬಿಗಿಯಾಗುತ್ತದೆ, ಬಾಲದ ತುದಿ ನಡುಗುವಂತೆ ಹೊಡೆದುಕೊಳ್ಳುತ್ತದೆ, ಮೂಗು ನೆಲಕ್ಕಂಟುತ್ತದೆ. ಈ ಬದಲಾವಣೆಗೂ ನಾಯಿ ಪೊದೆಯೊಳಗೆ ಮಾಯವಾಗುವುದಕ್ಕೂ ನಡುವೆ ಎರಡು ಮೂರು ಸೆಕೆಂಡು ಸಿಗುತ್ತದೆ. ಸೀಟಿ ಊದಬೇಕಾದದ್ದು ಆಗ. ಕಾಡುಕೋಳಿ ಎದ್ದು ಹಾರಿದ ಮೇಲೆ ಗಂಟಲು ಹರಿಯುವಂತೆ ಕೂಗಿದರೆ, ಕೂಗು ಕೇಳಿದರೂ ಬರಬೇಕಾಗಿಲ್ಲ ಎಂದು ನಾವೇ ಪಾಠ ಮಾಡಿದ ಹಾಗಾಗುತ್ತದೆ.

ಸರಿಪಡಿಸಲು ಹತ್ತು ಮೀಟರ್ ಹಗುರ ಹಗ್ಗ ಸಾಕು. ಒಂದು ತಿಂಗಳು ನಾಯಿ ಹೊರಗೆ ಹೋದಾಗಲೆಲ್ಲ ಆ ಹಗ್ಗ ಬೆನ್ನಪಟ್ಟಿಗೆ ಕಟ್ಟಿರಲಿ, ಕುತ್ತಿಗೆಗೆ ಬೇಡ. ಹಗ್ಗ ಮುಗಿಯುವ ಮೊದಲೇ ಸೀಟಿ ಊದಿ ನೀವು ಬೇರೆ ದಿಕ್ಕಿಗೆ ತಿರುಗಿ ನಡೆಯಿರಿ. ತಿರುಗಿ ಬಂದದ್ದಕ್ಕೆ ಬೆಂದ ಮೊಟ್ಟೆಯ ಚೂರು ಕೊಡಿ, ಕೂಡಲೇ "ಹೋಗು, ಹುಡುಕು" ಎಂದು ಮತ್ತೆ ಕಳಿಸಿ. ಈ ಕೊನೆಯ ಮಾತು ಬಹಳ ಮುಖ್ಯ. ಕರೆದದ್ದೆಲ್ಲ ಕಟ್ಟಿಹಾಕುವುದಕ್ಕೇ ಆದರೆ ಯಾವ ಜಾಣ ನಾಯಿಯೂ ಬರುವುದಿಲ್ಲ, ಕಾಕರ್ ಜಾಣ ನಾಯಿ. ಬಂದರೆ ಮತ್ತೆ ಹುಡುಕಲು ಬಿಡುತ್ತಾರೆ ಎಂದು ತಿಳಿದ ದಿನ ಅದು ತಾನಾಗಿ ತಿರುಗಿ ನಿಮ್ಮ ಮುಖ ನೋಡುತ್ತದೆ. ಬ್ರೌನಿ ಹಾಗೆ ಮೊದಲ ಸಲ ತಿರುಗಿ ನೋಡಿದಾಗ ಆ ಹುಡುಗನಿಗೆ ಆದ ಸಂತೋಷವನ್ನು ನಾನು ಪಕ್ಕದಲ್ಲೇ ನಿಂತು ಕಂಡೆ.

ಹಗ್ಗ ಬಿಚ್ಚಿದರೂ ಕಾಡಿನ ಅಂಚಿನಲ್ಲಿ ಮತ್ತೆ ಕಟ್ಟಿ. ಅಲ್ಲಿನ ಹಕ್ಕಿ, ಮೊಲಗಳನ್ನು ಎಬ್ಬಿಸುವ ಹಕ್ಕು ನಮ್ಮ ನಾಯಿಗಿಲ್ಲ. ಹಂದಿಗೆಂದು ಇಟ್ಟ ಉರುಳು ನಾಯಿಯ ಕುತ್ತಿಗೆಯನ್ನೂ ಬಿಡುವುದಿಲ್ಲ. ಕತ್ತಲಾದ ಮೇಲೆ ಚಿರತೆಯ ಭಯವಿರುವ ಊರುಗಳಲ್ಲಿ ನಾಯಿ ಮಲಗಬೇಕಾದದ್ದು ಮನೆಯೊಳಗೆ.

ಕಚ್ಚಿಕೊಂಡದ್ದನ್ನು ಬಿಡುವುದಿಲ್ಲ

ವಸ್ತುವನ್ನು ಬಾಯಲ್ಲಿ ಹೊತ್ತು ತಿರುಗುವುದು ಕಾಕರ್‌ನ ಹುಟ್ಟುಗುಣ, ದೋಷವಲ್ಲ. ದೋಷವನ್ನು ನಾವು ಬೆಳೆಸುತ್ತೇವೆ. ಮರಿ ಕಾಲುಚೀಲ ಎತ್ತಿಕೊಂಡು ಹೆಮ್ಮೆಯಿಂದ ನಮ್ಮ ಕಡೆಗೇ ಬರುತ್ತದೆ. ನಾವು "ಅಯ್ಯೋ" ಎಂದು ಓಡಿಸಿಕೊಂಡು ಹೋಗಿ, ದವಡೆ ಬಿಡಿಸಿ ಕಿತ್ತುಕೊಳ್ಳುತ್ತೇವೆ. ಹತ್ತು ಸಲ ಹೀಗಾದರೆ ಅದು ತರುವುದನ್ನು ಬಿಟ್ಟು ಅಡಗಿಸುವುದನ್ನು ಕಲಿಯುತ್ತದೆ.

ಈಗ ಆಟವೋ ಕಾವಲೋ ಎಂದು ಗುರುತಿಸಿ. ಅಡಿಕೆ ಹಾಳೆಯ ತುಂಡನ್ನು ನಾಯಿಗೆ ಕೊಟ್ಟು ನಾಲ್ಕು ಮಾರು ದೂರದಲ್ಲಿ ಹಾದುಹೋಗಿ, ಕೈ ಹಾಕಬೇಡಿ. ಮೈ ಸಡಿಲವಿದ್ದು, ಹಾಳೆ ಕೊಡವುತ್ತಾ ನಿಮ್ಮನ್ನು ಕರೆದರೆ ಆಟ. ಮೈ ಮರಗಟ್ಟಿ, ತಲೆ ಹಾಳೆಯ ಮೇಲೆ ಬಾಗಿ, ಮುಖ ತಿರುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳಿ ಬಿಳಿ ಕಂಡರೆ ಕಾವಲು. ಅಲ್ಲಿಂದ ಒಂದು ಹೆಜ್ಜೆಯೂ ಮುಂದಿಡಬೇಡಿ. ಹಾದುಹೋಗುವಾಗ ಹಾಳೆಗಿಂತ ರುಚಿಯಾದ ಒಂದು ಚೂರನ್ನು ಎಸೆದು ಮುಂದೆ ನಡೆಯಿರಿ. ಕೆಲವು ದಿನಗಳಲ್ಲಿ ನೀವು ಬಂದರೆ ನಷ್ಟವಿಲ್ಲ, ಲಾಭ ಎಂದು ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಹತ್ತಿರ ಹೋಗಿ ಚೂರು ತೋರಿಸಿ "ಬಿಡು" ಎನ್ನಿ, ಬಿಟ್ಟ ಮೇಲೆ ಚೂರು ಕೊಟ್ಟು, ಹಾಳೆಯನ್ನೂ ಮರಳಿ ಕೊಡಿ. ತೆಗೆದುಕೊಂಡದ್ದನ್ನು ಮರಳಿ ಕೊಡುವುದೇ ಇಲ್ಲಿ ನಿಜವಾದ ಔಷಧಿ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಗುರ್ ಎಂಬುದು ಎಚ್ಚರಿಕೆ. ಹೊಡೆದು ಎಚ್ಚರಿಕೆಯನ್ನು ನಿಲ್ಲಿಸಿದರೆ ಮುಂದಿನ ಸಲ ಸದ್ದಿಲ್ಲದೆ ಹಲ್ಲು ಬರುತ್ತದೆ.

ನೆಂಟರು ಬಂದರೆ ಉಚ್ಚೆ ಹೊಯ್ಯುತ್ತದೆ

ಬಾಗಿಲಲ್ಲಿ ಯಾರಾದರೂ ಬಗ್ಗಿ ತಲೆ ನೇವರಿಸಿದ ಕೂಡಲೇ ನೆಲ ಒದ್ದೆ. ಹೊರಗೆ ಕರೆದುಕೊಂಡು ಹೋಗುವ ಸಮಯ ಬದಲಿಸಿದರೆ ಇದು ನಿಲ್ಲುವುದಿಲ್ಲ. ನಿಮ್ಮ ಎದುರು ತಾನು ಸಣ್ಣವನೆಂದು ಹೇಳುವ ಅದರ ಭಾಷೆ ಅದು. ಮೆತ್ತನೆಯ ಮನಸ್ಸಿನ ಕಾಕರ್ ಮರಿಗಳಲ್ಲಿ ಸಾಮಾನ್ಯ. ಗದರಿದರೆ ಇನ್ನಷ್ಟು ಹೊಯ್ಯುತ್ತದೆ, ಏಕೆಂದರೆ ಗದರಿಕೆಗೆ ಅದರ ಬಳಿ ಇರುವ ಉತ್ತರ ಅದೊಂದೇ. ಬಂದವರು ಮೊದಲ ಐದು ನಿಮಿಷ ಅದನ್ನು ನೋಡದಿರಲಿ. ಆಮೇಲೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕುಳಿತು, ಮೇಲಿನಿಂದ ತಲೆ ಮುಟ್ಟದೆ ಎದೆಯನ್ನು ಕೆರೆಯಲಿ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವು ತಾವಾಗಿ ಬಿಡುತ್ತವೆ. ಬಿಡದಿದ್ದರೆ, ಅಥವಾ ಮಲಗಿದ್ದಲ್ಲೇ ತೊಟ್ಟಿಕ್ಕಿದರೆ, ಮೂತ್ರ ಪರೀಕ್ಷೆ ಮಾಡಿಸಿ.

ಮಳೆಗಾಲವಿಡೀ ಬೊಗಳುತ್ತದೆ

ಕೆಲಸವಿಲ್ಲ, ಅಷ್ಟೇ. ಆಗುಂಬೆ ಕಡೆಯ ಮಳೆಗೆ ದಿನಕ್ಕೊಂದು ಗಂಟೆ ಓಡಿಸುವುದು ಯಾರಿಗೂ ಆಗುವುದಿಲ್ಲ. ಅದರ ಊಟವನ್ನು ತಟ್ಟೆಗೆ ಹಾಕುವುದು ನಿಲ್ಲಿಸಿ. ಅಟ್ಟದಲ್ಲಿ, ಹಾಳೆಗಳ ರಾಶಿಯಲ್ಲಿ, ಬುಟ್ಟಿಯ ಕೆಳಗೆ ಬಚ್ಚಿಟ್ಟು "ಹುಡುಕು" ಎನ್ನಿ. ಇಪ್ಪತ್ತು ನಿಮಿಷ ಮೂಗು ದುಡಿದರೆ ಕೆಂಚ ಮಧ್ಯಾಹ್ನ ಪೂರ್ತಿ ಮಲಗುತ್ತಾನೆ.

ಕಚ್ಚಿಯೇ ಬಿಟ್ಟರೆ

ಕೆಂಬಣ್ಣದ ಕಾಕರ್‌ಗೆ ಇದ್ದಕ್ಕಿದ್ದಂತೆ ಹುಚ್ಚುಕೋಪ ಬರುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದಕ್ಕೊಂದು ಮೂಲವಿದೆ. 1996ರಲ್ಲಿ ಪೊಡ್ಬರ್ಸೆಕ್ ಮತ್ತು ಸರ್ಪೆಲ್ ಎಂಬ ಸಂಶೋಧಕರು ಬ್ರಿಟನ್ನಿನ ಇಂಗ್ಲಿಷ್ ಕಾಕರ್ ಮಾಲೀಕರಿಂದ ಪ್ರಶ್ನಾವಳಿ ತುಂಬಿಸಿಕೊಂಡು ನೋಡಿದಾಗ, ಒಂದೇ ಬಣ್ಣದ ನಾಯಿಗಳಲ್ಲಿ ಆಕ್ರಮಣದ ವರದಿ ಎರಡು ಬಣ್ಣದವುಗಳಿಗಿಂತ ಹೆಚ್ಚಿತ್ತು. ಅದು ಒಂದು ಗುಂಪಿನ ಲೆಕ್ಕ. ನಿಮ್ಮ ಅಂಗಳದಲ್ಲಿರುವ ಒಂದು ನಾಯಿಯ ಜಾತಕವನ್ನು ಅದರ ಬಣ್ಣ ನೋಡಿ ಬರೆಯಬೇಡಿ. ನಮ್ಮ ಕೆಂಚನೂ ಕೆಂಬಣ್ಣದವನೇ, ಅವನ ಕೋಪ ಇದ್ದದ್ದು ಕಿವಿಯೊಳಗೆ. 'ಇದ್ದಕ್ಕಿದ್ದಂತೆ' ಎಂದು ನನಗೆ ಹೇಳಿದವರನ್ನು ಕೂರಿಸಿ ಹಿಂದಿನ ಎರಡು ವಾರ ನೆನಪಿಸಿದಾಗ, ಮೈ ಮರಗಟ್ಟಿದ್ದು, ಕಣ್ಣಿನ ಬಿಳಿ ಕಂಡದ್ದು, ತುಟಿ ನೆಕ್ಕಿಕೊಂಡದ್ದು ಒಂದೊಂದಾಗಿ ಹೊರಬಂದಿವೆ.

ಕಚ್ಚಿದ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ಮನೆಯ ನಾಯಿಯಾದರೂ ಸರಿ. ನಾಯಿಯ ರೇಬೀಸ್ ಲಸಿಕೆಯ ಚೀಟಿ ಜೊತೆಗಿರಲಿ. ನಾಯಿಯನ್ನು ಮಕ್ಕಳಿಂದ ದೂರದ ಕೋಣೆಯಲ್ಲಿಟ್ಟು, ಕಚ್ಚುವ ಮುಂಚಿನ ಗಳಿಗೆಯನ್ನು ಕಾಗದದ ಮೇಲೆ ಬರೆದಿಡಿ: ಯಾವ ಹೊತ್ತು, ಯಾರ ಕೈ, ಎಲ್ಲಿ ಮುಟ್ಟಿದ್ದು, ಬಾಯಲ್ಲಿ ಏನಿತ್ತು, ಮಲಗಿತ್ತೇ ಎದ್ದಿತ್ತೇ. ಪಶುವೈದ್ಯರ ಬಳಿಗೆ ಆ ಕಾಗದವನ್ನೂ ತೆಗೆದುಕೊಂಡು ಹೋಗಿ, ಮೊದಲು ಕಿವಿ ನೋಡಲು ಹೇಳಿ.